ಅಕ್ಕಿಯ ಹುಳುವನ್ನೂ ಸಾಕಬೇಕಾಗಿ ಬಂದಾಗ

ಮಳೆಗಾಲದಲ್ಲಿ ಅಕ್ಕಿ ಡಬ್ಬದ ಮುಚ್ಚಳ ತೆಗೆದರೆ ಕಾಳುಗಳೆಲ್ಲ ಜೇಡರ ಬಲೆಯಂಥ ನೂಲಿಗೆ ಅಂಟಿಕೊಂಡು ಗಂಟುಗಂಟಾಗಿರುವುದನ್ನು ನೀವೂ ನೋಡಿರುತ್ತೀರಿ. ಒಳಗೆ ಬಿಳಿಯ ಹುಳು, ಮುಚ್ಚಳದ ಹತ್ತಿರ ಬೂದುಬಣ್ಣದ ಸಣ್ಣ ಪತಂಗ. ನಾವೇನು ಮಾಡುತ್ತೇವೆ? ಗೆರಸೆಯಲ್ಲಿ ಹಾಕಿ ಕೇರಿ, ಬಿಸಿಲು ಬಂದ ದಿನ ಅಂಗಳದಲ್ಲಿ ಹರಡಿ, ಹುಳುವಿಗೆ ಶಾಪ ಹಾಕುತ್ತೇವೆ. ಇಪ್ಪತ್ತು ವರ್ಷ ನಾನೂ ಅದನ್ನೇ ಮಾಡಿದವಳು. ಕಳೆದ ವರ್ಷ ಮಾತ್ರ ಅದೇ ಹುಳುವನ್ನು ಡಬ್ಬದಲ್ಲಿ ಹಾಕಿ, ನುಚ್ಚು ಕೊಟ್ಟು, ಇರುವೆ ಬಾರದಂತೆ ಕಾದು ಸಾಕಿದೆ. ನಗಬೇಡಿ, ಕಾರಣ ಹೇಳುತ್ತೇನೆ.

ನಮ್ಮ ನೆಟ್ಟಣವೆಂದರೆ ಹೆಚ್ಚಿನವರಿಗೆ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ ಮಾತ್ರ. ಕುಕ್ಕೆಗೆ ಹೋಗುವವರು ಇಳಿದು ಬಸ್ಸೋ ಜೀಪೋ ಹಿಡಿದು ಹೊರಟುಬಿಡುತ್ತಾರೆ. ಊರಿನಲ್ಲಿರುವ ನಮಗೆ ಅಡಿಕೆ ತೋಟ, ಕಾಡು, ಮಳೆ, ಮತ್ತೆ ಲೆಕ್ಕವಿಲ್ಲದಷ್ಟು ಹುಳುಹುಪ್ಪಟೆ. ದಸರಾ ರಜೆಯಲ್ಲಿ ಏಳನೇ ತರಗತಿಯ ನನ್ನ ಮಗಳು ದಾಸವಾಳದ ಗಿಡದಿಂದ ಒಂದು ಸೂರ್ಯನ ಕುದುರೆಯನ್ನು ಹಿಡಿದು ತಂದಳು. ಮುಂಗಾಲು ಮಡಚಿ ಕೈಮುಗಿದು ನಿಂತಂತೆ ಕಾಣುವ, ತಲೆಯನ್ನು ಹೊರಳಿಸಿ ನಮ್ಮನ್ನೇ ನೋಡುವ ಆ ಹಸಿರು ಹುಳು ಗೊತ್ತಲ್ಲ? ಆಗ ಅದು ಕಿರುಬೆರಳಿನ ಅರ್ಧದಷ್ಟಿತ್ತು. ಉಪ್ಪಿನಕಾಯಿಯ ಖಾಲಿ ಭರಣಿಗೆ ಹಾಕಿ, ಬಾಯಿಗೆ ಹಳೆಯ ಸೊಳ್ಳೆ ಪರದೆಯ ತುಂಡು ಕಟ್ಟಿದಳು. "ಅಮ್ಮ, ಇದಕ್ಕೆ ತಿನ್ಲಿಕ್ಕೆ ಎಂತ ಕೊಡುದು?" ಎಂದು ಕೇಳಿದಳು.

ಅನ್ನದ ಅಗುಳು ಹಾಕಿ ನೋಡಿದೆವು, ಮುಟ್ಟಲಿಲ್ಲ. ಅದಕ್ಕೆ ಜೀವವಿರುವುದೇ ಬೇಕು, ಅದೂ ಕಣ್ಣೆದುರು ಅಲುಗಾಡಬೇಕು. ಮೊದಲ ವಾರ ಮಗಳು ಗುಡ್ಡೆಯ ಹುಲ್ಲಿನಲ್ಲಿ ಪುಟ್ಟ ಮಿಡತೆ ಹುಡುಕಿ ತಂದಳು. ಶಾಲೆ ಸುರುವಾದ ಮೇಲೆ ಆ ಕೆಲಸ ನನ್ನ ತಲೆಗೆ ಬಂತು. ಒಂದು ಸಂಜೆ ಬಚ್ಚಲಿನ ಮೂಲೆಯಲ್ಲಿ ಸಣ್ಣ ಜಿರಲೆ ಕಂಡಿತು. ಹಿಡಿಯಹೋದರೆ ಓಡಲೇ ಇಲ್ಲ. ಎಷ್ಟು ಸುಲಭದಲ್ಲಿ ಸಿಕ್ಕಿತು ಎಂದು ಖುಷಿಪಟ್ಟು ಭರಣಿಗೆ ಹಾಕಿದೆ. ಯಾಕೆ ಸಿಕ್ಕಿತು ಎಂದು ಯೋಚಿಸಲಿಲ್ಲ. ಹಿಂದಿನ ದಿನ ಅದೇ ಮೂಲೆಗೆ ಜಿರಲೆಯ ಸ್ಪ್ರೇ ಹೊಡೆದವಳು ನಾನೇ. ಮರುದಿನ ಬೆಳಗ್ಗೆ ಸೂರ್ಯನ ಕುದುರೆ ಭರಣಿಯ ತಳದಲ್ಲಿ ಕಾಲು ಸೊಟ್ಟ ಮಾಡಿಕೊಂಡು ಬಿದ್ದಿತ್ತು. ಮಗಳು ಅಳಲಿಲ್ಲ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅತ್ತರೇ ಒಳ್ಳೆಯದಿತ್ತು ಎನಿಸಿತು ನನಗೆ.

ಹಾಗಾಗಿ ಮೊದಲು ಹೇಳುವ ಮಾತು ಇದೇ. ಸ್ಪ್ರೇ, ಸೊಳ್ಳೆ ಬತ್ತಿ, ಇರುವೆಪುಡಿ ಬಳಸುವ ಮನೆಯೊಳಗಿನ ಹುಳುವನ್ನಾಗಲಿ, ಮದ್ದು ಬಿಟ್ಟ ತರಕಾರಿ ಗಿಡದ ಹುಳುವನ್ನಾಗಲಿ ಸಾಕಿದ ಜೀವಕ್ಕೆ ತಿನ್ನಿಸಬೇಡಿ. ಆಹಾರದ ಹುಳುವನ್ನು ನಾವೇ ಬೆಳೆಸಿದರೆ ಅದು ಏನು ತಿಂದಿದೆ ಎಂದು ನಮಗೆ ಗೊತ್ತಿರುತ್ತದೆ.

ನವೆಂಬರಿನಲ್ಲಿ ಇನ್ನೊಂದು ಮರಿ ಸಿಕ್ಕಿತು, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಇಷ್ಟು ಚಿಕ್ಕದಕ್ಕೆ ಹಣ್ಣಿನ ನೊಣವೇ ಸರಿ. ಇದರಷ್ಟು ಸುಲಭದ ಸಾಕಣೆ ಬೇರೆ ಇಲ್ಲ. ಗಾಜಿನ ಬಾಟಲಿಯಲ್ಲಿ ಕಳಿತ ಬಾಳೆಹಣ್ಣಿನ ತುಂಡು ಹಾಕಿ, ಕಾಗದವನ್ನು ಲಾಳಿಕೆಯ ಹಾಗೆ ಸುತ್ತಿ ಬಾಯಿಗಿಟ್ಟರೆ ನೊಣಗಳು ತಾವಾಗಿ ಒಳಗೆ ಹೋಗುತ್ತವೆ, ಹೊರಬರಲು ದಾರಿ ತಿಳಿಯುವುದಿಲ್ಲ. ಎರಡು ದಿನ ಬಿಟ್ಟು ಲಾಳಿಕೆ ತೆಗೆದು ಬಟ್ಟೆ ಕಟ್ಟಿ. ಹತ್ತು ಹನ್ನೆರಡು ದಿನದಲ್ಲಿ ಹೊಸ ನೊಣಗಳು ಏಳುತ್ತವೆ. ಹಣ್ಣು ನೀರು ಬಿಡುತ್ತದೆ, ಹಾಗಾಗಿ ಒಳಗೊಂದು ಕಾಗದದ ಪಟ್ಟಿ ನಿಲ್ಲಿಸಿ, ಇಲ್ಲವಾದರೆ ನೊಣಗಳು ಅಂಟಿಕೊಂಡು ಸಾಯುತ್ತವೆ. ವಾಸನೆ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅಡುಗೆಮನೆಯಲ್ಲಿ ಇಡಬೇಡಿ.

ಮರಿ ಎರಡು ಸಲ ಪೊರೆ ಬಿಟ್ಟ ಮೇಲೆ ನೊಣ ಸಾಲದಾಯಿತು. ಆಗ ಊರಿಗೆ ಬಂದಿದ್ದ ನಮ್ಮ ಸಂಬಂಧದ ಹುಡುಗಿ, ಕೃಷಿ ಕಾಲೇಜಿನಲ್ಲಿ ಕಲಿತವಳು, ನನ್ನ ಅಕ್ಕಿ ಡಬ್ಬ ನೋಡಿ ನಕ್ಕಳು. "ಚಿಕ್ಕಮ್ಮಾ, ಇದನ್ನು ಬಿಸಿಲಿಗೆ ಯಾಕೆ ಹಾಕುದು? ನಮ್ಗೆ ಕಾಲೇಜಿನಲ್ಲಿ ಇದನ್ನು ಸಾಕ್ಲಿಕ್ಕೇ ಕಲಿಸಿದ್ದು."

ನಿಜವಂತೆ. ಇದರ ಹೆಸರು ಅಕ್ಕಿ ಪತಂಗ, ವಿಜ್ಞಾನಿಗಳು ಕಾರ್ಸೈರಾ ಎನ್ನುತ್ತಾರೆ. ಪ್ರಯೋಗಶಾಲೆಯಲ್ಲಿ ಒಂದು ಪೆಟ್ಟಿಗೆಗೆ ಎರಡೂವರೆ ಕಿಲೋ ಸಜ್ಜೆ ನುಚ್ಚು, 100 ಗ್ರಾಂ ನೆಲಗಡಲೆ ಪುಡಿ, 5 ಗ್ರಾಂ ಯೀಸ್ಟ್, 5 ಗ್ರಾಂ ಗಂಧಕ ಬೆರೆಸಿ ಮೇಲೆ ಪತಂಗದ ಮೊಟ್ಟೆ ಉದುರಿಸುತ್ತಾರೆ. ಸಾಸಿವೆಗಿಂತಲೂ ಸಣ್ಣ ಮೊಟ್ಟೆಗಳು. ಒಂದು ಸಿ.ಸಿ. ಅಳತೆಯಲ್ಲಿ ಸುಮಾರು 18,000 ಇರುತ್ತವೆ ಎಂದರೆ ನೀವೇ ಊಹಿಸಿ. ಸುಮಾರು 40 ದಿನಕ್ಕೆ ಪತಂಗ ಏಳಲು ಸುರುವಾಗುತ್ತದೆ.

ಇಷ್ಟೆಲ್ಲ ಯಾರಿಗಾಗಿ? ನಮ್ಮ ತೆಂಗಿಗಾಗಿ! ತೆಂಗಿನ ಗರಿಯ ಅಡಿಭಾಗವನ್ನು ಕೆರೆದು ತಿಂದು, ದೂರದಿಂದ ಮರ ಸುಟ್ಟ ಹಾಗೆ ಕಾಣುವಂತೆ ಮಾಡುವ ಕಪ್ಪು ತಲೆ ಹುಳು ಉಂಟಲ್ಲ, ಅದನ್ನು ಕೊಲ್ಲುವ ಗೋನಿಯೋಜಸ್ ಎಂಬ ಇರುವೆಯಷ್ಟು ಚಿಕ್ಕ ಕಣಜವೊಂದಿದೆ. ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವಾಗ ಅಕ್ಕಿ ಪತಂಗದ ಹುಳುವೇ ಆಹಾರ. ಹೆಣ್ಣು ಕಣಜ ಹುಳುವನ್ನು ಕುಟುಕಿ ಅಲುಗಾಡದಂತೆ ಮಾಡಿ ಮೈಮೇಲೆ ಮೊಟ್ಟೆ ಇಡುತ್ತದೆ. ನನಗೆ ಆಶ್ಚರ್ಯವಾದದ್ದು ಮುಂದಿನ ಸಂಗತಿ. ಮೊಟ್ಟೆಯಿಟ್ಟು ಹಾರಿಹೋಗದೆ, ಮರಿಗಳು ಬೆಳೆದು ಗೂಡು ಕಟ್ಟುವವರೆಗೂ ಆ ತಾಯಿ ಅಲ್ಲೇ ಕಾವಲು ಕೂರುತ್ತದೆ. ಇಂಥ ಕಣಜಗಳನ್ನು ತೋಟದಲ್ಲಿ ಮರಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಬಿಡಬೇಕು ಎಂಬುದು ಸಿ.ಪಿ.ಸಿ.ಆರ್.ಐ. ಸಲಹೆ. ಅದೇ ಕಾಸರಗೋಡಿನ ತೋಟಗಾರಿಕೆ ಬೆಳೆಗಳ ಸಂಸ್ಥೆ. ಅದರ ಕಿದು ಸಂಶೋಧನಾ ಕೇಂದ್ರ ನಮ್ಮ ನೆಟ್ಟಣದಲ್ಲೇ ಇದೆ, ನಾನಾ ದೇಶಗಳ ತೆಂಗಿನ ತಳಿಗಳನ್ನು ಅಲ್ಲಿ ಕಾಪಾಡುತ್ತಿದ್ದಾರೆ. ಅದರ ಗೇಟಿನೆದುರು ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೋ. ನಾನು ಶಪಿಸುವ ಹುಳುವಿಗೂ ನನ್ನ ತೆಂಗಿನಕಾಯಿಗೂ ಇಂಥದೊಂದು ಸಂಬಂಧ ಇದೆಯೆಂದು ತಿಳಿದಿರಲಿಲ್ಲ.

ಮನೆಯಲ್ಲಿ ನಾನು ಮಾಡಿದ್ದು ಇಷ್ಟು. ಅರ್ಧ ಕಿಲೋ ಜೋಳದ ನುಚ್ಚನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದೆ. ಕೆಂಪಾಗಬಾರದು, ನುಸಿ ಸಾಯುವಷ್ಟು ಬಿಸಿಯಾದರೆ ಸಾಕು. ಪೂರ್ತಿ ಆರಿದ ಮೇಲೆ ಒಂದು ಹಿಡಿ ಹುರಿದ ನೆಲಗಡಲೆಯ ತರಿ, ಒಂದು ಚಿಟಿಕೆ ಯೀಸ್ಟ್ ಸೇರಿಸಿ ಅಗಲ ಬಾಯಿಯ ಡಬ್ಬಕ್ಕೆ ತುಂಬಿದೆ. ಅಕ್ಕಿ ಡಬ್ಬದಿಂದ ಹಿಡಿದ ಹದಿನೈದು ಪತಂಗಗಳನ್ನು ಬಿಟ್ಟು, ದಪ್ಪ ಬಟ್ಟೆ ಮುಚ್ಚಿ ದಾರದಿಂದ ಎರಡು ಸುತ್ತು ಬಿಗಿದೆ. ಮೂರು ವಾರದಲ್ಲಿ ನುಚ್ಚು ಬಲೆ ಕಟ್ಟಿತು. ಆಮೇಲೆ ಗಂಟು ಬಿಡಿಸಿದರೆ ಹುಳು, ಇನ್ನಷ್ಟು ಕಾದರೆ ಪತಂಗ. ಸೂರ್ಯನ ಕುದುರೆಗೆ ಪತಂಗವೇ ಹೆಚ್ಚು ಇಷ್ಟ, ಹಾರುತ್ತದಲ್ಲ! ಎರಡು ದಿನಕ್ಕೊಮ್ಮೆ ಒಂದೆರಡು ಹಾಕಿದರೆ ಸಾಕು. ನಡುವೆ ಮಿಡತೆಯೋ ನೊಣವೋ ಬದಲಾಯಿಸಿ ಕೊಡಿ, ದಿನಾ ಒಂದೇ ಊಟ ಯಾರಿಗೆ ಸೇರುತ್ತದೆ?

ಎಚ್ಚರ ಬೇಕಾದದ್ದು ಎರಡು ಕಡೆ. ಈ ಡಬ್ಬ ಅಕ್ಕಿ ಬೇಳೆ ಇಡುವ ಕೋಣೆಯ ಹತ್ತಿರವೂ ಸುಳಿಯಬಾರದು. ಒಂದು ಹೆಣ್ಣು ಪತಂಗ ನೂರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ, ಎರಡು ತಪ್ಪಿಸಿಕೊಂಡರೆ ವರ್ಷದ ಕುಚ್ಚಲಕ್ಕಿ ಹೋಯಿತು. ನಾನು ಕಟ್ಟಿಗೆ ಕೊಟ್ಟಿಗೆಯಲ್ಲಿ ಸ್ಟೂಲಿನ ಮೇಲೆ ಇಟ್ಟು, ಸ್ಟೂಲಿನ ಕಾಲುಗಳನ್ನು ನೀರಿನ ಗೆರಟೆಯಲ್ಲಿ ನಿಲ್ಲಿಸಿದೆ. ಇಲ್ಲದಿದ್ದರೆ ಇರುವೆ ಒಂದೇ ರಾತ್ರಿಯಲ್ಲಿ ಖಾಲಿ ಮಾಡುತ್ತದೆ. ಇನ್ನೊಂದು, ಪತಂಗದ ರೆಕ್ಕೆಯ ಪುಡಿ. ಡಬ್ಬ ತೆರೆದಾಗ ಹೊಗೆಯಂತೆ ಏಳುತ್ತದೆ. ಪ್ರಯೋಗಶಾಲೆಯವರೇ ಮುಖಕ್ಕೆ ಮಾಸ್ಕ್ ಕಟ್ಟುತ್ತಾರೆ. ನಾನು ಮೊದಲ ಸಲ ಉದಾಸೀನ ಮಾಡಿ ರಾತ್ರಿಯೆಲ್ಲ ಕೆಮ್ಮಿದೆ. ಉಬ್ಬಸ ಇರುವವರ ಮನೆಯಲ್ಲಿ ಈ ಪತಂಗದ ಸಾಕಣೆ ಬೇಡವೇ ಬೇಡ, ಹಣ್ಣಿನ ನೊಣ ಮಿಡತೆಯಲ್ಲೇ ಸುಧಾರಿಸಿ.

ಅತ್ತೆಗೆ ಸುದ್ದಿ ಎಷ್ಟು ದಿನ ಮುಚ್ಚಿಡಲಿಕ್ಕಾದೀತು? ಕಟ್ಟಿಗೆ ತರಲು ಹೋದವರು ಡಬ್ಬ ನೋಡಿ ಬಂದರು. "ಎಂತ ಮಾರಾಯ್ತಿ, ಅಕ್ಕಿಯ ಹುಳ ಸಾಕ್ಲಿಕ್ಕೆ ಹೊರಟದ್ದಾ? ಕಾಡಿನಲ್ಲಿ ಅದು ಹಿಡಿದು ತಿಂದ್ರೆ ಅದರ ಪಾಡು. ನೀನು ಒಂದನ್ನು ಸಾಕಿ ಇನ್ನೊಂದರ ಬಾಯಿಗೆ ಹಾಕುದು ಪಾಪ ಅಲ್ವಾ?" ನನಗೆ ಉತ್ತರ ತೋಚಲಿಲ್ಲ. ಬಿಸಿಲಿಗೆ ಹಾಕಿ ಕೊಲ್ಲುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದಿತ್ತು. ಆದರೆ ವ್ಯತ್ಯಾಸ ಉಂಟು ಎಂದು ನನಗೇ ಅನಿಸುತ್ತಿತ್ತು. ಕೈಯಾರೆ ನುಚ್ಚು ಕೊಟ್ಟು ಬೆಳೆಸಿದ್ದನ್ನು ಕೈಯಾರೆ ಹಾಕುವಾಗ ಮೊದಮೊದಲು ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಮಗಳು ತಿರುಗಿಸುತ್ತಿರಲಿಲ್ಲ. "ಅಜ್ಜೀ, ಕೊಡದಿದ್ರೆ ಇದು ಸಾಯ್ತದಲ್ಲ?" ಎಂದಳು. ಅತ್ತೆ ಅದಕ್ಕೂ ಒಪ್ಪಲಿಲ್ಲ. "ಹಾಗಾದ್ರೆ ತರ್ಲೇಬಾರ್ದಿತ್ತು" ಎಂದು ಒಳಗೆ ಹೋದರು. ಅವರ ಮಾತಿನಲ್ಲೂ ತಪ್ಪೇನಿಲ್ಲ. ಸಾಕುವ ಮೊದಲು ಮನೆಯವರೆಲ್ಲ ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು.

ಫ್ರಾನ್ಸ್ ದೇಶದ ಫಾಬ್ರ್ ಎಂಬ ಕೀಟಶಾಸ್ತ್ರಜ್ಞರು ನೂರು ವರ್ಷಕ್ಕೂ ಹಿಂದೆ ಸೂರ್ಯನ ಕುದುರೆಗಳನ್ನು ತಂತಿಬಲೆಯ ಮುಚ್ಚಳದಡಿ ಸಾಕಿ ನೋಡಿ ಬರೆದಿದ್ದಾರೆ. ಅವುಗಳ ಹೊಟ್ಟೆ ತುಂಬಿಸುವುದು ಅವರಿಗೂ ಕಷ್ಟವಾಗಿ, ನೆರೆಕರೆಯ ಹುಡುಗರಿಗೆ ಬ್ರೆಡ್ಡು, ಕರಬೂಜದ ಹೋಳಿನ ಆಸೆ ತೋರಿಸಿ ಮಿಡತೆ ತರಿಸುತ್ತಿದ್ದರಂತೆ. ಓದಿ ಸಮಾಧಾನವಾಯಿತು. ನಾನು ಆಚೆಮನೆಯ ಹುಡುಗನಿಗೆ ಕೊಟ್ಟದ್ದು ಚಕ್ಕುಲಿ.

ಮಕ್ಕಳು ಹಟ ಹಿಡಿದರೆ ಇನ್ನೂ ಕೆಲವು ವಿಷಯ ನೆನಪಿಡಿ. ಒಂದು ಭರಣಿಗೆ ಒಂದೇ ಮರಿ, ಎರಡಿದ್ದರೆ ಒಂದನ್ನೊಂದು ತಿನ್ನುತ್ತವೆ. ಭರಣಿಯ ಎತ್ತರ ಹುಳುವಿನ ಉದ್ದದ ಮೂರರಷ್ಟಾದರೂ ಇರಲಿ, ಏಕೆಂದರೆ ಪೊರೆ ಬಿಡುವಾಗ ಅದು ತಲೆಕೆಳಗಾಗಿ ನೇತಾಡಬೇಕು. ಆಹಾರ ಬಿಟ್ಟು ಸುಮ್ಮನೆ ನೇತಾಡುತ್ತಿದ್ದರೆ ಒಳಗಿರುವ ಹುಳುವನ್ನು ತೆಗೆದುಬಿಡಿ, ಪೊರೆ ಬಿಟ್ಟ ಮೆತ್ತನೆಯ ಮೈಯನ್ನು ಅದೇ ಕಚ್ಚೀತು. ನೀರು ಬಟ್ಟಲಲ್ಲಿ ಬೇಡ, ಭರಣಿಯ ಗೋಡೆಗೆ ನಾಲ್ಕು ಹನಿ ಚಿಮುಕಿಸಿದರೆ ಕುಡಿಯುತ್ತದೆ. ರಕ್ಷಿತಾರಣ್ಯದಿಂದ ಏನನ್ನೂ ತರಬೇಡಿ. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಹುಲಿ ಆನೆಗಳಲ್ಲದೆ ಕೆಲವು ಚಿಟ್ಟೆಗಳೂ ಇವೆ.

ನಮ್ಮ ಸೂರ್ಯನ ಕುದುರೆಗೆ ಮಾರ್ಚ್ ತಿಂಗಳಲ್ಲಿ ರೆಕ್ಕೆ ಬಂತು. ಪರದೆಗೆ ರೆಕ್ಕೆ ಬಡಿಯುವುದನ್ನು ನೋಡಿ ಮಗಳೇ "ಬಿಡುವ ಅಮ್ಮ" ಎಂದಳು. ಸಂಜೆ ಅದೇ ದಾಸವಾಳದ ಗಿಡದ ಮೇಲೆ ಬಿಟ್ಟೆವು. ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಇತ್ತು, ಬೆಳಗ್ಗೆ ಇರಲಿಲ್ಲ. ಅತ್ತೆ ಏನೂ ಹೇಳಲಿಲ್ಲ, ಆದರೆ ಹೂ ಕೊಯ್ಯಲು ಹೋದವರು ಆ ಗಿಡದ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಂತದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಡಬ್ಬದಲ್ಲಿ ಉಳಿದ ಹುಳು, ನುಚ್ಚು ಎಲ್ಲ ಆಚೆಮನೆಯ ಕೋಳಿಗಳಿಗೆ ಹೋಯಿತು. ಡಬ್ಬವನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಕವುಚಿಟ್ಟಿದ್ದೇನೆ. ದಸರಾ ರಜೆಗೆ ಬೇಕಾದೀತು.