ಎದೆಗೆ ಕೂಸು, ಕೈಗೆ ಇಡ್ಲಿ
ಎಂಟು ತಿಂಗಳ ಮಗು ಜೊತೆ ಹೊರಗೆ ತಿಂಡಿನಾ? ಹೋಗ್ಬಹುದು. ಜನ ಸೇರೋಕೆ ಮುಂಚೆ ಹೊರಡಿ, ಅಷ್ಟೇ.

ನಮ್ಮ ಮೊದಲ ಸವಾರಿ ಬೆಂಗಳೂರಿನ ಶಂಕರಪುರಕ್ಕೆ, ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ. 1965ರಿಂದ ಇರೋ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್. ಸಾಂಬಾರ್ ಇಲ್ಲ, ಚಟ್ನಿಯೇ ದೇವರು! ತಿನ್ನೋದು ನಿಂತ್ಕೊಂಡೇ. ಕೂತ ತಕ್ಷಣ ರಾಗ ತೆಗೆಯೋ ನಮ್ಮ ಮಗಳಿಗೆ ಇದಕ್ಕಿಂತ ಹೇಳಿ ಮಾಡಿಸಿದ ಹೋಟೆಲ್ ಬೇಕಾ?

ಹೋಟೆಲ್ ಇಡ್ಲೀಲಿ ಉಪ್ಪಿರುತ್ತೆ. ಒಂದು ವರ್ಷದೊಳಗಿನ ಮಕ್ಕಳಿಗೆ ಉಪ್ಪು, ಸಕ್ಕರೆ ಬೇಡ. ಹಾಗಾಗಿ ಅವಳ ತಿಂಡಿ, ಮನೆಯಿಂದ ತಂದ ರಾಗಿ ಸರಿ. ಎದೆಗೆ ಕಟ್ಟಿಕೊಳ್ಳೋ ಕ್ಯಾರಿಯರ್‌ನಲ್ಲಿ ಮಗು ಇದ್ದಾಗ ಬಿಸಿ ಕಾಫಿ ಹತ್ತಿರಾನೂ ತರಬೇಡಿ. ನಾವು ಪಾಳಿ ಮಾಡ್ಕೊಂಡಿದ್ದೀವಿ: ಒಬ್ಬರು ಕುಡಿಯುವಾಗ ಮಗು ಇನ್ನೊಬ್ಬರ ಹತ್ತಿರ.

ಅವಳ ಕಣ್ಣು ಮಾತ್ರ ಇಡೀ ಹೊತ್ತು ನನ್ನ ಚಟ್ನಿ ಮೇಲೇ!