ಹಾರುವ ಓತಿ ನಮ್ಮ ತೋಟದಲ್ಲೇ ಇದೆ!

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಅಡಿಕೆ ತೋಟದ ಮನೆಯವರು ನೀವಾಗಿದ್ದರೆ ಒಂದು ಕೆಲಸ ಮಾಡಿ. ಬಿಸಿಲೇರುವ ಹೊತ್ತಿಗೆ ತೋಟಕ್ಕೆ ಹೋಗಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಮರದ ಕಾಂಡದಲ್ಲಿ ತೊಗಟೆಯದೇ ಬಣ್ಣದ ಜೀವಿಯೊಂದು ಸರಿದಾಡಿ, ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಾವುಟದಂತೆ ಚಾಚಿ ಮಡಚಿದರೆ ಅದು ಗಂಡು ಹಾರುವ ಓತಿ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಓದಿದವರಿಗೆ ಹಾರುವ ಓತಿ ಎಂದರೆ ದಟ್ಟ ಕಾಡಿನ ವಿಸ್ಮಯ. ಆದರೆ ಅದು ಪಶ್ಚಿಮ ಘಟ್ಟದ ಕಾಡಿನಲ್ಲಷ್ಟೇ ಅಲ್ಲ, ಅಡಿಕೆ, ತೆಂಗಿನ ತೋಟಗಳಲ್ಲೂ ಬದುಕುತ್ತದೆ. ‘ಡ್ರಾಕೋ ಡುಸುಮಿಯೆರಿ’ ಎಂಬ ವೈಜ್ಞಾನಿಕ ಹೆಸರು ಅದಕ್ಕೆ ಸಿಕ್ಕಿದ್ದು 1837ರಲ್ಲಿ.

ನಿಜ ಹೇಳಬೇಕೆಂದರೆ ಅದು ಹಾರುವುದಿಲ್ಲ, ತೇಲುತ್ತದೆ. ಉದ್ದನೆಯ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಅಗಲವಾದಾಗ ಅವುಗಳ ಮೇಲಿನ ಚರ್ಮ ರೆಕ್ಕೆಯಾಗುತ್ತದೆ. ಒಂದು ಮರದ ಮೇಲಿಂದ ಜಿಗಿದು ಇನ್ನೊಂದರ ಕಾಂಡಕ್ಕೆ ಕೊಂಚ ಕೆಳಗೆ ಬಂದು ಅಂಟಿಕೊಳ್ಳುತ್ತದೆ. ಇರುವೆ ತಿನ್ನುತ್ತಾ ಮತ್ತೆ ಮೇಲೇರುತ್ತದೆ. ಹೆಚ್ಚುಕಡಿಮೆ ಇಡೀ ಬದುಕು ಮರದ ಮೇಲೆಯೇ. ಹೆಣ್ಣು ಮಾತ್ರ ಮೊಟ್ಟೆಯಿಡಲು ನೆಲಕ್ಕಿಳಿದು, ಮಣ್ಣು ಕೆದಕಿ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ.

ಅಪಾಯವಿರುವುದು ಇಲ್ಲೇ. ನಮ್ಮ ತೋಟದಲ್ಲಿ ಹೀಗೆ ಇಳಿದಿದ್ದ ಓತಿಯನ್ನು ಕಂಡು ಆಚೆಮನೆಯ ಮಕ್ಕಳು ‘ವಿಷದ್ದು’ ಎಂದು ಕಲ್ಲೆತ್ತಿದ್ದರು. ಅದಕ್ಕೆ ವಿಷವಿಲ್ಲ, ಫಸಲಿಗೂ ಅದರಿಂದ ತೊಂದರೆಯಿಲ್ಲ ಎಂದು ಹೇಳಿದ ಮೇಲೆ ಅವರೇ ಬೆಕ್ಕನ್ನು ಓಡಿಸಿ ಕಾವಲು ನಿಂತರು.

ಕಲ್ಲಿಗಿಂತ ದೊಡ್ಡ ಅಪಾಯ ಗರಗಸದ್ದು. ಸೈಟಿಗೆಂದೋ, ಹೊಸ ಮನೆಗೆಂದೋ ನಡುವಿನ ನಾಲ್ಕು ಸಾಲು ಮರ ಕಡಿದರೆ ನಮಗದು ಬಯಲು, ಓತಿಗೆ ಕಡಿದುಹೋದ ದಾರಿ. ಹಾರುವ ಓತಿಗೆ ಹಾರಲು ಆಕಾಶ ಸಾಲದು, ಹತ್ತಿರ ಹತ್ತಿರ ಮರಗಳು ಬೇಕು.

ಸ್ಪರ್ಧಾತ್ಮಕ ಪರೀಕ್ಷೆಗೆಂದು ‘ಪಶ್ಚಿಮ ಘಟ್ಟ ಜೀವವೈವಿಧ್ಯದ ತಾಣ’ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಕೆಲಸ ಹುಡುಕಿ ಬೆಂಗಳೂರಿಗೆ ಹೋಗುವುದೂ ತಪ್ಪಲ್ಲ. ಆದರೆ ತೋಟ ಮಾರುವ, ಮರ ಕಡಿಸುವ ಮಾತು ಮನೆಯಲ್ಲಿ ಬಂದಾಗ ಒಂದು ಮಾತು ಹೇಳುವ ಹಕ್ಕು ನಮಗೂ ಇದೆಯಲ್ಲ? ಮುಂದಿನ ಬಾರಿ ಊರಿಗೆ ಬಂದಾಗ ಓತಿಯ ಫೋಟೊ ತೆಗೆದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ, ಅಪ್ಪ ಅಮ್ಮನಿಗೂ ತೋರಿಸಿ. ತೋಟದಲ್ಲಿ ಯಾರ‍್ಯಾರು ವಾಸವಿದ್ದಾರೆ ಎಂದು ಅವರಿಗೂ ಗೊತ್ತಾಗಲಿ.