ನಿಂಬೆ ಎಲೆಯ ಮೇಲೊಂದು ರಂಗೋಲಿ

ನಮ್ಮ ಚಾಳಿನ ಗ್ಯಾಲರಿಯಲ್ಲಿ ಎಣ್ಣೆ ಡಬ್ಬದೊಳಗೆ ಒಂದು ನಿಂಬೆ ಗಿಡ ಇದೆ. ಇಂಡಿ ಕಡೆಯಿಂದ ತಂದ ಹಣ್ಣಿನ ಬೀಜ ಊರಿ ಅವ್ವ ಬೆಳೆಸಿದ್ದು. ಕಳೆದ ಮಳೆಗಾಲದಲ್ಲಿ ಅದರ ಚಿಗುರೆಲೆಗಳ ಮೇಲೆ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆಗಳು ಕಾಣಿಸಿಕೊಂಡವು. "ಯಾರದೋ ಕಣ್ಣ ಬಿದ್ದದ, ಕಿತ್ತ ಒಗದಬಿಡು" ಎಂದಳು ಅವ್ವ. ಕೀಳುವ ಮೊದಲು ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಗೆರೆಯ ತುದಿಯಲ್ಲಿ ಪುಟ್ಟ ಹುಳುವೊಂದು ಮೆಲ್ಲಗೆ ಅಲುಗಾಡುತ್ತಿತ್ತು!

ಇಂಥವಕ್ಕೆ ನಮ್ಮ ರೈತರು ಇಟ್ಟ ಹೆಸರು ರಂಗೋಲಿ ಹುಳು. ನಿಂಬೆ, ಕಿತ್ತಳೆ, ಮೋಸಂಬಿಗಳಿಗೆ ಬರುವ ಇದರ ಶಾಸ್ತ್ರೀಯ ಹೆಸರು ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲಾ. 1856ರಲ್ಲಿ ಸ್ಟೇನ್ಟನ್ ಎಂಬ ಆಂಗ್ಲ ವಿಜ್ಞಾನಿ ಕಲಕತ್ತೆಯಿಂದ ಬಂದ ಮಾದರಿಗಳನ್ನು ನೋಡಿ ಇದನ್ನು ವರ್ಣಿಸಿದ. 1993ರಲ್ಲಿ ಅಮೆರಿಕದ ಫ್ಲೋರಿಡಾದಲ್ಲೂ ಕಾಣಿಸಿಕೊಂಡಿತು.

ಗುರುತಿಸುವುದು ಸುಲಭ. ಬೆಳ್ಳಿ ಗೆರೆಯ ನಟ್ಟನಡುವೆ ದಾರದಂಥ ಕಪ್ಪು ಗೀಟು ಇರುತ್ತದೆ. ಅದು ಹುಳುವಿನ ಹಿಕ್ಕೆ. (ಟೊಮೆಟೊ ಎಲೆಯ ಇಂಥದೇ ಗೆರೆ ಹೆಚ್ಚಾಗಿ ಒಂದು ಜಾತಿಯ ನೊಣದ ಮರಿಯದು.) ಪತಂಗ ಮಾತ್ರ ಕಣ್ಣಿಗೆ ಬೀಳುವುದೇ ಅಪರೂಪ. ರೆಕ್ಕೆ ಬಿಚ್ಚಿದರೂ ಅಗಲ ಸುಮಾರು 4 ಮಿಲಿಮೀಟರ್. ಬೆಳ್ಳಗಿನ ಮುಂರೆಕ್ಕೆಯ ತುದಿಯಲ್ಲಿ ಒಂದು ಕಪ್ಪು ಚುಕ್ಕೆ.

ತಾಯಿ ಪತಂಗ ಎಳೆ ಎಲೆಯ ಮೇಲೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮರಿ ಹುಟ್ಟಿದ ಕೂಡಲೇ ಎಲೆಯ ತೆಳು ಸಿಪ್ಪೆಯ ಕೆಳಗೆ ನುಗ್ಗಿ, ರಸ ಕುಡಿಯುತ್ತ ಸುರಂಗ ಕೊರೆಯುತ್ತದೆ. ಕೊನೆಗೆ ಎಲೆಯ ಅಂಚಿಗೆ ಬಂದು, ರೇಷ್ಮೆ ನೂಲಿನಿಂದ ಅಂಚನ್ನು ಮಡಚಿ ಅಲ್ಲೇ ಕೋಶವಾಗುತ್ತದೆ. ಬಿಸಿಲ ನಾಡಿನಲ್ಲಿ ಎರಡು-ಮೂರು ವಾರದೊಳಗೆ ಇಷ್ಟೂ ಸಂಸಾರ ಮುಗಿದು ಹೋಗುತ್ತದೆ!

ಕಾಮರ್ಸ್ ಹುಡುಗನಾದ ನಾನು ಜಮಾ-ಖರ್ಚು ನೋಡದೆ ಬಿಡುವೆನೇ? ಬಲಿತ ಎಲೆಗೆ ಈ ಹುಳು ಸಾಮಾನ್ಯವಾಗಿ ಹತ್ತುವುದಿಲ್ಲ. ದೊಡ್ಡ ಮರ ಈ ನಷ್ಟ ತಾಳಿಕೊಳ್ಳುತ್ತದೆ. ಎಳೆ ಸಸಿಯ ಬೆಳವಣಿಗೆ ಮಾತ್ರ ಕುಂಠಿತವಾಗುತ್ತದೆ. ಸುರಂಗದ ಗಾಯದೊಳಗಿಂದ ಕ್ಯಾಂಕರ್ ಎಂಬ ಕಜ್ಜಿರೋಗವೂ ಹೊಕ್ಕೀತು. ಹಾಗಂತ ಗೆರೆ ಬಿದ್ದ ಎಲೆಗಳನ್ನೆಲ್ಲ ಕೀಳಬಾರದು. ಉಳಿದ ಹಸಿರು ಭಾಗ ಗಿಡಕ್ಕೆ ಅನ್ನ ಮಾಡುತ್ತಲೇ ಇರುತ್ತದೆ. ಸಿಕ್ಕಸಿಕ್ಕ ಔಷಧ ಹೊಡೆದರೆ ಈ ಹುಳುವನ್ನು ಕೊಲ್ಲುವ ಸಣ್ಣ ಕಣಜಗಳೂ ಸತ್ತು, ಲಾಭಕ್ಕಿಂತ ಹಾನಿಯೇ ಹೆಚ್ಚಾದೀತು.

ಅವ್ವನಿಗೂ ಹುಳು ತೋರಿಸಿದೆ. "ಇಷ್ಟ ಸಣ್ಣದಿದ್ದು ಎಷ್ಟ ಛಂದ ಗೆರಿ ಎಳದದ ನೋಡು" ಅಂದಳು. ಗಿಡ ಉಳಿಯಿತು, ಆಮೇಲೆ ಬಂದ ಚಿಗುರು ಬಹುಪಾಲು ಶುದ್ಧವಾಗಿದೆ. ಮಿತ್ರರೇ, ನಿಮ್ಮ ಮನೆಯ ಗಿಡದಲ್ಲೂ ಇಂಥ ರಂಗೋಲಿ ಕಂಡರೆ, ಕೀಳುವ ಮೊದಲು ಒಮ್ಮೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿರಿ.